ಸೋಲೂರು ಸ್ಟಾರ್ಸ್‌ಗೆ ಇಬ್ಬರು ಮ್ಯಾನೇಜರ್

ಮೂವತ್ತೆಂಟು ಜಿಬಿ! ಒಂದು ಫುಟ್‌ಬಾಲ್ ಆಟಕ್ಕೆ ಮೂವತ್ತೆಂಟು ಜಿಬಿ ಬೇಕಂತೆ. ಅದರಲ್ಲಿ ಚೆಂಡನ್ನು ನಾವು ಒದೆಯುವುದೂ ಇಲ್ಲ. ಮ್ಯಾನೇಜರ್ ಆಗಿ ಕೂತು ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಯಾರನ್ನು ಬೇರೆ ಕ್ಲಬ್ಬಿಗೆ ಕಳಿಸಬೇಕು ಎಂದು ತಲೆ ಕೆಡಿಸಿಕೊಳ್ಳುವುದಷ್ಟೇ ನಮ್ಮ ಕೆಲಸ. ಅಷ್ಟಕ್ಕೆ ಮೂವತ್ತೆಂಟು ಜಿಬಿ ಯಾಕೆ ಎಂದು ಯಾರನ್ನು ಹಿಡಿದು ಕೇಳಲಿ? ಮೂರು ದಿನದಿಂದ ಲ್ಯಾಪ್‌ಟಾಪನ್ನು ವೈಫೈ ಡಬ್ಬಿಯ ಪಕ್ಕದಲ್ಲೇ ಮಲಗಿಸಿ, ಬಿಡದಿಗೆ ಶಿಫ್ಟ್‌ಗೆ ಹೋಗಿ ಬಂದು ನೋಡಿದರೆ ಎಪ್ಪತ್ತೊಂದು ಪರ್ಸೆಂಟ್‌ಗೆ ನಿಂತಿದೆ. ಮಧ್ಯಾಹ್ನ ಕರೆಂಟ್ ಹೋಗಿತ್ತಂತೆ. ಮತ್ತೆ ಮೊದಲಿಂದ ಶುರು ಮಾಡಲೇ ಎಂದು ಅದು ನನ್ನನ್ನೇ ಕೇಳುತ್ತಿದೆ. ಮೈ ಉರಿದುಹೋಯಿತು.

“ನಿಮ್ಮಣ್ಣಂಗೆ ಒಂದು ಫೋನ್ ಮಾಡಿ ಮಾತಾಡೋಕೆ ಇಷ್ಟೆಲ್ಲ ಡೌನ್‌ಲೋಡ್ ಯಾಕೇ ಬೇಕು?” ಎಂದ ನನ್ನ ಗಂಡ ಅಶ್ವಥ್, ಒಗೆದ ಬಟ್ಟೆ ಮಡಚುತ್ತಾ.

“ನಿಂಗೆ ಗೊತ್ತಾಗಲ್ಲ, ಸುಮ್ನಿರು.”

“ಗೊತ್ತಾಗೋ ಹಂಗೆ ಹೇಳು ಮತ್ತೆ.”

“ಅವ್ನು ಮೊದ್ಲು ಮಾಡ್ಲಿ.”

“ಮೂರು ವರ್ಷದಿಂದ ಇದನ್ನೇ ಹೇಳ್ತಾ ಇದೀಯ.”

ಹೌದು, ಮೂರು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ನಾನು ಧನುಶ್ರೀ. ಬಿಡದಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕಾರಿನ ವೈರುಗಳನ್ನು ಪರೀಕ್ಷೆ ಮಾಡುತ್ತೇನೆ. ಎಲ್ಲಿ ತಪ್ಪು ಜೋಡಿಸಿದ್ದಾರೋ ಅದನ್ನು ಹುಡುಕಿ ಕೆಂಪು ಡಬ್ಬಕ್ಕೆ ಎಸೆಯುವ ಕೆಲಸ. ಹನ್ನೊಂದು ವರ್ಷ ತಪ್ಪು ಹುಡುಕಿ ಹುಡುಕಿಯೇ ನನ್ನ ನಾಲಿಗೆ ಹೀಗಾಗಿದೆ ಎಂದು ಅಶ್ವಥ್ ಹೇಳುತ್ತಾನೆ. ನಾವಿರುವುದು ರಾಮನಗರದಲ್ಲಿ. ನನ್ನ ತವರು ಮಾಗಡಿ ತಾಲ್ಲೂಕಿನ ಸೋಲೂರಿನ ಹತ್ತಿರದ ಹಳ್ಳಿ. ಅಲ್ಲಿ ಈಗ ಅಣ್ಣ ಅನಂತರಾಜು, ಅವನ ಹೆಂಡತಿ ನಯನಾ, ನಾಲ್ಕು ಹಸು, ತೆಂಗಿನ ತೋಟ ಇವಿಷ್ಟೇ ಇರುವುದು. ಅಮ್ಮ ಮೊದಲೇ ಹೋಗಿದ್ದಳು. ಮೂರು ವರ್ಷದ ಹಿಂದೆ ಅಪ್ಪ ಹೋದ.

ಅಪ್ಪನ ಹನ್ನೊಂದನೇ ದಿನದ ಕಾರ್ಯ ಮುಗಿದಿತ್ತು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಹಜಾರದಲ್ಲಿ ದೊಡ್ಡಪ್ಪ ಬೈರಪ್ಪನ ಜೊತೆ ಅಣ್ಣ ಮಾತಾಡುತ್ತಿದ್ದುದು ಕೇಳಿಸಿತು. “ಮದ್ವೆ ಮಾಡಿ ಕಳ್ಸಾಯ್ತಲ್ಲ, ಇನ್ನೇನ್ ಪಾಲು ಅವ್ಳಿಗೆ?” ನಾನು ಪಾಲು ಕೇಳಿರಲೇ ಇಲ್ಲ. ಕೈಯಲ್ಲಿದ್ದ ಪಾತ್ರೆಯನ್ನು ಅಲ್ಲೇ ಕುಕ್ಕಿ, ಬ್ಯಾಗ್ ಎತ್ತಿಕೊಂಡು, ಯಾರಿಗೂ ಹೇಳದೆ ಬಸ್ ಹತ್ತಿದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆ ಮಾತನ್ನು ಅಣ್ಣನ ಬಾಯಿಗೆ ಹಾಕಿದವಳು ನಯನಾ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನಮ್ಮಣ್ಣನಿಗೆ ಅಷ್ಟು ದೂರ ಯೋಚನೆ ಮಾಡುವ ಬುದ್ಧಿ ಎಲ್ಲಿಂದ ಬರಬೇಕು?

ನಮ್ಮಿಬ್ಬರ ನಡುವೆ ಆಮೇಲೆ ಉಳಿದದ್ದು ಒಂದೇ ದಾರಿ. ‘ಸೈಡ್‌ಬೆಂಚ್’ ಎಂಬ ಆಟ.

ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು ಮುನಿಶಾಮಯ್ಯ ನಮಗೆ ಫುಟ್‌ಬಾಲ್ ಹಚ್ಚಿದ್ದರು. ವಾಲಿಬಾಲ್ ನೆಟ್ಟು ಹರಿದು ಹೋಗಿ, ಹೊಸದು ಬರುವ ತನಕ ಇದನ್ನೇ ಆಡಿ ಎಂದು ಒಂದು ಚೆಂಡು ಕೊಟ್ಟರು. ನೆಟ್ಟು ಬರಲೇ ಇಲ್ಲ. ಅಣ್ಣ ಡಿಪ್ಲೊಮಾ ಓದುವಾಗ ಈ ಸೈಡ್‌ಬೆಂಚನ್ನು ಎಲ್ಲಿಂದಲೋ ಹಿಡಿದು ತಂದ. ಚಿತ್ರ ಇಲ್ಲ, ಬರೀ ಅಕ್ಷರ. ಸುಮಾರಾದ ಫೋನಿನಲ್ಲೂ ಓಡುತ್ತದೆ. ಒಂದು ಕ್ಲಬ್ಬಿಗೆ ಇಬ್ಬರು ಮ್ಯಾನೇಜರ್ ಇರಬಹುದು, ಇಬ್ಬರೂ ಒಪ್ಪಿದರೆ ಮಾತ್ರ ಮುಂದಿನ ಮ್ಯಾಚ್. ನಮ್ಮ ಕ್ಲಬ್ಬಿಗೆ ಸೋಲೂರು ಸ್ಟಾರ್ಸ್ ಎಂದು ಹೆಸರಿಟ್ಟು ಅತಿ ಕೆಳಗಿನ ಲೀಗಿನಿಂದ ಹತ್ತಿಸಿದ್ದೆವು. ಪ್ರತಿ ಭಾನುವಾರ ಮೂರು ಗಂಟೆಗೆ ಆಟ. ನನ್ನ ಮದುವೆಯಾದ ಮೇಲೂ ಅದು ತಪ್ಪಿರಲಿಲ್ಲ.

ಅಪ್ಪನ ಕಾರ್ಯದ ಜಗಳವಾದ ಮೇಲೆ ಐದು ಭಾನುವಾರ ನಾನೊಬ್ಬಳೇ ಮೂರು ಗಂಟೆಗೆ ತೆರೆದು, ಕಾಯ್ದು, ಮುಚ್ಚಿದೆ. ಆರನೇ ಭಾನುವಾರ ಅಣ್ಣನ ಹೆಸರಿನ ಪಕ್ಕ ಹಸಿರು ಚುಕ್ಕೆ ಮೂಡಿತು. ಆಟದೊಳಗೆ ಚಿಕ್ಕದೊಂದು ಮಾತಿನ ಡಬ್ಬಿ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತೇವೆ. ಅದರಲ್ಲಿ ‘ಹೆಂಗಿದೀಯ’ ಎಂದು ಬಂತು. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಈಗಲೂ ಹೇಳಲು ನಾಚಿಕೆಯಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ.

ಆಮೇಲೆ ಮೂರು ವರ್ಷದಲ್ಲಿ ಒಂದು ಭಾನುವಾರವೂ ಅಣ್ಣ ತಪ್ಪಿಸಲಿಲ್ಲ. ಜೊತೆಗೆ ಅವನ ಆಟವೇ ಬದಲಾಯಿತು. ಮೊದಲು ಕಂಡಕಂಡ ಸ್ಟ್ರೈಕರ್‌ಗಳನ್ನು ತರಬೇಕು ಎಂದು ಕುಣಿಯುತ್ತಿದ್ದವನು, ಈಗ ‘ಕಾಯೋಣ’ ಎನ್ನುತ್ತಿದ್ದ. ನಮ್ಮಲ್ಲೇ ಬೆಳೆದ ಹುಡುಗರಿಗೆ ಅವಕಾಶ ಕೊಡುತ್ತಿದ್ದ. ತೋಂಬಾ ಎಂಬ ನಮ್ಮ ಗೋಲ್‌ಕೀಪರ್‌ಗೆ ಆಟದ ಲೆಕ್ಕದಲ್ಲಿ ಮೂವತ್ತೇಳು ವರ್ಷವಾಗಿ ಕೈಗೆ ಚೆಂಡು ಸಿಗದಂತಾದಾಗ ನಾನು ತೆಗೆದುಹಾಕೋಣ ಎಂದೆ. ‘ಇಷ್ಟು ವರ್ಷ ಇದ್ದೋನು. ಬೆಂಚಲ್ಲಿ ಇರ್ಲಿ ಬುಡು’ ಎಂದು ಉತ್ತರ ಬಂತು. ಐದು ಗಂಟೆ ಹೊಡೆದ ಕೂಡಲೇ ‘ಹಸು ಹತ್ರ ಹೋಗ್ಬೇಕು, ಹಾಲು ಕರಿಯೋ ಹೊತ್ತು’ ಎಂದು ಎದ್ದುಹೋಗುತ್ತಿದ್ದ. ಅಪ್ಪ ಹೋದಮೇಲೆ ನಮ್ಮಣ್ಣನಿಗೆ ಎಷ್ಟು ಜವಾಬ್ದಾರಿ ಬಂತು ನೋಡು ಎಂದು ಅಶ್ವಥ್‌ನ ಮುಂದೆ ಎಷ್ಟು ಸಲ ಹೇಳಿಕೊಂಡು ಮೆರೆದಿದ್ದೇನೋ.

ಈಗ ಆ ಸೈಡ್‌ಬೆಂಚನ್ನೇ ಮುಚ್ಚುತ್ತಾರಂತೆ. ಇದೇ ತಿಂಗಳ ಮೂವತ್ತಕ್ಕೆ ಕೊನೆ, ಇಷ್ಟು ದಿನ ಆಡಿದ್ದಕ್ಕೆ ವಂದನೆ ಎಂದು ಒಂದು ಸಾಲಿನ ನೋಟಿಸ್. ನಿಮ್ಮ ವಂದನೆ ಯಾರಿಗೆ ಬೇಕಿತ್ತು? ಮೂವತ್ತರ ಒಳಗೆ ಇಬ್ಬರೂ ಸೇರಿ ಬೇರೆ ಆಟ ಆರಿಸಿಕೊಳ್ಳದಿದ್ದರೆ ಭಾನುವಾರವೂ ಮುಗಿಯಿತು, ಅಣ್ಣನೂ ಮುಗಿದ.

ಅದಕ್ಕೇ ಈ ಪಾಡು. ಸಿಕ್ಕಿದ್ದನ್ನೆಲ್ಲ ಹಾಕಿ ನೋಡಿದೆ. ‘ಡ್ರೆಸ್ಸಿಂಗ್ ರೂಮ್’ ಎಂಬುದು ಚೆನ್ನಾಗಿತ್ತು, ಆದರೆ ಒಬ್ಬರೇ ಆಡಬೇಕು. ಒಬ್ಬಳೇ ಆಡುವುದಾದರೆ ನನಗೆ ಆಟವೇ ಬೇಡ. ‘ಗೋಲ್ ರಾಜ’ ಎಂಬುದು ಫೋನಿನಲ್ಲಿ ಆಡುವಂಥದ್ದು, ಪುಕ್ಕಟೆ, ನಂಬರ್ ಹಾಕಿ ಕರೆದರೆ ಇಬ್ಬರು ಸೇರಬಹುದು. ಆದರೆ ಅದರಷ್ಟು ದರಿದ್ರ ಆಟ ಇನ್ನೊಂದಿಲ್ಲ. ಹತ್ತು ನಿಮಿಷಕ್ಕೊಂದು ಜಾಹೀರಾತು. ಮ್ಯಾಚ್ ನಡೆಯುವಾಗ ಪರದೆಯ ಮೂಲೆಯಲ್ಲಿ ಕಿರೀಟ ಹಾಕಿಕೊಂಡ ಹುಲಿಯೊಂದು ಕುಣಿಯುತ್ತದೆ. ಡಿಫೆಂಡರ್‌ಗೆ ಸುಸ್ತಾದರೆ ಅವನ ತಲೆ ಮೇಲೆ ನಿಂಬೆಹಣ್ಣಿನ ಶರಬತ್ತಿನ ಚಿತ್ರ ಒತ್ತಬೇಕಂತೆ. ಥೂ. ಉಳಿದದ್ದು ಈ ಮೂವತ್ತೆಂಟು ಜಿಬಿಯ ‘ಟ್ಯಾಕ್ಟಿಕ್ ಮಾಸ್ಟರ್’. ಆಟ ಅಂದರೆ ಅದು. ಆಟಗಾರನಿಗೆ ಮನೆ ನೆನಪಾದರೆ ಅದೂ ಗೊತ್ತಾಗುತ್ತದೆ. ಆದರೆ ಲ್ಯಾಪ್‌ಟಾಪ್ ಬೇಕು.

ಅಣ್ಣನಿಗೆ ಬರೆದೆ. ‘ಲ್ಯಾಪ್‌ಟಾಪ್ ಕೆಟ್ಟೋಗೈತೆ’ ಎಂದ. ಅಶ್ವಥ್‌ನ ಹಳೆಯದನ್ನು ಕೊಡುತ್ತೇನೆ ಎಂದೆ. ‘ಬ್ಯಾಡ’ ಎಂದ. ಕೊರಿಯರ್ ಮಾಡುತ್ತೇನೆ ಎಂದೆ. ‘ಬ್ಯಾಡ ಬ್ಯಾಡ.’ ಹಾಳಾಗಲಿ, ಗೋಲ್ ರಾಜವನ್ನೇ ಹಾಕಿಕೋ, ನಿನ್ನ ನಂಬರಿಗೆ ಕರೆ ಕಳಿಸುತ್ತೇನೆ ಎಂದೆ. ಆಮೇಲೆ ‘ಅದೂ ಬ್ಯಾಡ’.

‘ಮತ್ತೆ ಯಾವ್ದು ಬೇಕೋ ನಿಂಗೆ?’ ಎಂದು ಕುಟ್ಟಿದೆ.

‘ಇದೇ ಇರೋಗಂಟ ಆಡಣ.’

‘ಆಮೇಲೆ?’

ಅವನ ಹಸಿರು ಚುಕ್ಕೆ ಆರಿಹೋಯಿತು.

ಇದರ ಜೊತೆಗೇ ಇನ್ನೊಂದು ಬಂದು ಅಮರಿಕೊಂಡಿತು. ದೊಡ್ಡಪ್ಪ ಬೈರಪ್ಪ ರಾಮನಗರಕ್ಕೆ ಬಂದು, ಕಾಫಿ ಕುಡಿದು, ಕೆಮ್ಮಿ, ವಿಷಯ ತೆಗೆದ. ಜಮೀನಿನ ಖಾತೆ ಪೂರ್ತಿ ಅಣ್ಣನ ಹೆಸರಿಗೆ ಆಗಬೇಕಂತೆ. ನಾನು ನನ್ನ ಹಕ್ಕು ಬಿಟ್ಟುಕೊಟ್ಟೆ ಎಂದು ಮಾಗಡಿಯ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಎಲ್ಲರೂ ಹಾಕುವುದೇ. ಅರಿಶಿನ ಕುಂಕುಮ, ಒಂದು ರೇಷ್ಮೆ ಸೀರೆ, ಊಟ, ಸಹಿ. ಅದನ್ನು ಕೇಳಲು ಅಣ್ಣನೇ ಎಲೆ ಅಡಿಕೆ ಹಿಡಿದು ಬರಬೇಕು, ಅದು ಕ್ರಮ. ಅವನು ಬರಲಿಲ್ಲ, ದೊಡ್ಡಪ್ಪನನ್ನು ಅಟ್ಟಿದ. ಬೇರೆ ಯಾರಾದರೂ ಆಗಿದ್ದರೆ ಆ ಕಾಫಿ ಲೋಟದ ಜೊತೆಗೇ ಹೊರಗೆ ಕಳಿಸುತ್ತಿದ್ದೆ. ಆದರೆ ಮೂರು ವರ್ಷ ಪ್ರತಿ ಭಾನುವಾರ ನನ್ನ ಜೊತೆ ಕೂತ ಅಣ್ಣ! ಮುಖ ತೋರಿಸಲು ನಾಚಿಕೆ, ಪಾಪ, ಎಂದುಕೊಂಡೆ.

ಆ ವಾರ ಆಟದಲ್ಲಿ ಕೇಳಿಯೂ ಬಿಟ್ಟೆ. ‘ಸಹಿ ಹಾಕ್ಲಾ ಅಣ್ಣ?’ ಅವನ ಉತ್ತರ: ‘ನೀನೇ ಯೋಚ್ನೆ ಮಾಡು. ಲೆಫ್ಟ್ ಬ್ಯಾಕ್ ಯಾರು ಈವತ್ತು?’ ಸಹಿಯ ಮಾತು ಬಿಟ್ಟು ಎಡಗಡೆಯ ಡಿಫೆಂಡರ್‌ಗೆ ಹೋಗಿಬಿಟ್ಟ. ಎಷ್ಟು ಮರ್ಯಾದಸ್ಥ ನನ್ನ ಅಣ್ಣ ಎಂದು ಕಣ್ಣು ತುಂಬಿ ಬಂತು. ದೊಡ್ಡಪ್ಪನಿಗೆ ಫೋನ್ ಮಾಡಿ ಹ್ಞೂಂ ಎಂದೆ. ಸೋಮವಾರ ಹನ್ನೊಂದು ಗಂಟೆಗೆ ಮಾಗಡಿಯಲ್ಲಿ ಎಂದು ಗೊತ್ತಾಯಿತು. ಫ್ಯಾಕ್ಟರಿಗೆ ರಜೆ ಹಾಕಿದೆ.

ಶನಿವಾರ ಆ ಮೂವತ್ತೆಂಟು ಜಿಬಿ ಅಂತೂ ಇಳಿಯಿತು. ನಾನು ತೀರ್ಮಾನ ಮಾಡಿದೆ. ಅವನು ಬೇಡ ಎಂದರೆ ಬೇಡವೇ? ಭಾನುವಾರ ನಾನೇ ಲ್ಯಾಪ್‌ಟಾಪ್ ಹೊತ್ತು ಸೋಲೂರಿಗೆ ಹೋಗುವುದು, ಮೂರು ಗಂಟೆಗೆ ಅವನ ಎದುರಿಗೇ ಕೂತು ಟ್ಯಾಕ್ಟಿಕ್ ಮಾಸ್ಟರ್ ತೆರೆಯುವುದು.

ರಾಮನಗರದಿಂದ ಮಾಗಡಿಗೆ ಒಂದು ಬಸ್ಸು, ಮಾಗಡಿಯಿಂದ ನೆಲಮಂಗಲದ ಕಡೆಯ ಇನ್ನೊಂದು. ಮೊದಲನೆಯದರಲ್ಲಿ ಸೀಟಿಲ್ಲ. ಎರಡನೆಯದು ಮುಕ್ಕಾಲು ಗಂಟೆ ತಡ. ಲ್ಯಾಪ್‌ಟಾಪ್ ಬ್ಯಾಗನ್ನು ತೊಡೆ ಮೇಲೆ ಮಗುವಿನ ಹಾಗೆ ಹಿಡಿದು ಕೂತಿದ್ದೆ. ಪಕ್ಕದ ಅಜ್ಜಿ ಅದರ ಮೇಲೆ ತನ್ನ ಬದನೆಕಾಯಿ ಚೀಲ ಇಟ್ಟಳು. ಮೂರು ಗಂಟೆಗೆ ಸೋಲೂರು ಇನ್ನೂ ಎರಡು ಸ್ಟಾಪ್ ಇತ್ತು. ಫೋನು ಕುಂಯ್ ಎಂದಿತು. ಹಸಿರು ಚುಕ್ಕೆ.

‘ಯಾಕ್ ತಡ?’ ಎಂದಿದ್ದ ಅಣ್ಣ.

ನಗು ಬಂತು. ಬರುತ್ತಿದ್ದೇನೆ ಇರು ಮಗನೇ ಎಂದುಕೊಂಡು, ‘ಬಂದೆ, ಟೀಮ್ ಹಾಕಿರು’ ಎಂದು ಒತ್ತಿದೆ.

ಸೋಲೂರಿನಲ್ಲಿ ಇಳಿದರೆ ಎದುರಿಗೇ ಟೀ ಅಂಗಡಿ. ಅದರ ಬೆಂಚಿನ ಮೇಲೆ ಅಣ್ಣ ಕೂತಿದ್ದ.

ಹೊಟ್ಟೆ ಒಸಿ ಬಂದಿತ್ತು, ಮುಂದಿನ ಕೂದಲು ಹೋಗಿತ್ತು. ಬಲಗೈಯಲ್ಲಿ ಮೆಣಸಿನಕಾಯಿ ಬಜ್ಜಿ, ಎಡಗೈಯಲ್ಲಿ ಟೀ ಲೋಟ. ಯಾರದೋ ಟ್ರ್ಯಾಕ್ಟರ್ ಗೇರ್‌ಬಾಕ್ಸ್ ಬಗ್ಗೆ ಜೋರಾಗಿ ಹೇಳುತ್ತಿದ್ದ. “ಲೇ, ಆ ಮೆಕ್ಯಾನಿಕ್ ನಿಂಗೆ ಟೋಪಿ ಹಾಕವ್ನೆ ಕಣ್ಲಾ!” ಅವನ ಫೋನು ಪಕ್ಕದಲ್ಲಿ, ಬೆಂಚಿನ ಮೇಲೆ, ಮುಖ ಮೇಲಾಗಿ, ಕಪ್ಪಗೆ ಬಿದ್ದಿತ್ತು.

ನನ್ನ ಫೋನು ಕುಂಯ್ ಎಂದಿತು.

‘ಟೀಮ್ ಹಾಕ್ದೆ. ತೋಂಬಾ ಬೆಂಚಲ್ಲವ್ನೆ. ಶುರು ಮಾಡ್ಲಾ?’

ಬಸ್ ಸ್ಟಾಪಿನ ಕಂಬದ ಹಿಂದೆ ನಿಂತು, ಅಣ್ಣನ ಮೇಲಿಂದ ಕಣ್ಣು ತೆಗೆಯದೆ, ‘ಎಲ್ಲಿದೀಯ?’ ಎಂದು ಒತ್ತಿದೆ.

‘ಮನೇಲಿ. ಯಾಕೆ?’

ಅಣ್ಣ ಬಜ್ಜಿ ಕಚ್ಚಿದ. ಎರಡೂ ಕೈ ಹಾಗೇ ಇದ್ದವು.

ತಲೆ ಓಡಲಿಲ್ಲ ಎನ್ನುವುದು ಸುಳ್ಳು, ಬೇಡವೆಂದರೂ ಓಡಿತು. ಹಾಲು ಕರೆಯೋ ಹೊತ್ತು! ನಮ್ಮ ಮನೆಯಲ್ಲಿ ಯಾವ ಗಂಡಸು ಯಾವತ್ತು ಹಾಲು ಕರೆದಿದ್ದಾನೆ? ಅಜ್ಜಿ ಕರೆದಳು, ಅಮ್ಮ ಕರೆದಳು, ಮದುವೆಯಾಗುವ ತನಕ ನಾನು ಕರೆದೆ. ಅಣ್ಣ ಮುಟ್ಟಿದರೆ ಹಸು ಒದೆಯುತ್ತಿತ್ತು. ಹನ್ನೊಂದು ವರ್ಷ ತಪ್ಪು ಹುಡುಕುವ ಕೆಲಸ ಮಾಡಿದವಳು, ಮೂರು ವರ್ಷ ಪ್ರತಿ ಭಾನುವಾರ ಐದು ಗಂಟೆಗೆ ಕಣ್ಣೆದುರಿಗೇ ಬರುತ್ತಿದ್ದ ತಪ್ಪನ್ನು ನೋಡಿ ‘ಜವಾಬ್ದಾರಿ ಬಂತು’ ಎಂದು ಮೆರೆದಿದ್ದೆ.

ಕಂಬ ಬಿಟ್ಟು ನೇರ ಅವನ ಮುಂದೆ ಹೋಗಿ ನಿಂತೆ.

“ಎಲಾ ಇವ್ಳ! ಧನು? ಏನ್ ಹಿಂಗ್ ಬಂದ್ಬುಟ್ಟೆ? ನಾಳೆ ಅಲ್ವಾ ಮಾಗಡಿಗೆ ಬರೋದು?”

“ಸೈಡ್‌ಬೆಂಚ್ ಮುಚ್ತಾರಂತೆ ಅಣ್ಣ. ಯಾವ ಆಟ ತಗಳಣ?”

“ಯಾವ ಬೆಂಚು?”

“ಸೋಲೂರು ಸ್ಟಾರ್ಸ್.”

ಅವನಿಗೆ ನೆನಪಾಗಲು ಒಂದು ಗುಟುಕು ಟೀ ಬೇಕಾಯಿತು. “ಓ, ಅದಾ! ಅದ್ನ ಯಾವತ್ತೋ ಬುಟ್ಬುಟ್ಟೆ ಕಣಮ್ಮಿ. ಅಪ್ಪ ಹೋದ್ಮೇಲೆ ಎಲ್ಲಿ ಟೈಮು? ನೀನಿನ್ನೂ ಆಡ್ತಾ ಇದ್ದೀಯಾ?” ಎಂದು ನಕ್ಕ. ಪಕ್ಕದವನೂ ನಕ್ಕ. “ನಡಿ ಮನೇಗೆ, ನಾನೊಂದ್ ಗಳಿಗೆ ಬಿಟ್ಟು ಬತ್ತೀನಿ. ನಾಳೆ ಆಧಾರ್ ಕಾರ್ಡ್ ಮರೀಬ್ಯಾಡ, ಆಯ್ತಾ?”

ಆಧಾರ್ ಕಾರ್ಡ್! ಮೂರು ವರ್ಷದ ಮೇಲೆ ಕಂಡ ತಂಗಿಗೆ ಹೇಳುವ ಮಾತು ಅದು. ಬಾಯಿ ತೆರೆದಿದ್ದರೆ ಇಡೀ ಸೋಲೂರು ಸೇರುತ್ತಿತ್ತು. ಬ್ಯಾಗನ್ನು ಹೆಗಲಿಗೆ ಏರಿಸಿ ನಡೆದೆ. ಎರಡು ಕಿಲೋಮೀಟರ್ ದಾರಿಯುದ್ದಕ್ಕೂ ಅಣ್ಣನನ್ನು ಬೈದೆ, ನನ್ನನ್ನು ಬೈದೆ, ಆ ಆಟ ಮಾಡಿದವರನ್ನು ಬೈದೆ. ಲ್ಯಾಪ್‌ಟಾಪ್ ಬೆನ್ನಿಗೆ ಬಡಿಯುತ್ತಲೇ ಇತ್ತು.

ಕೊಟ್ಟಿಗೆಯ ಮುಂದಿನ ಕಟ್ಟೆಯ ಮೇಲೆ ನಯನಾ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಅಣ್ಣನ ಹಳೆಯ ಫೋನು, ಗಾಜು ಒಡೆದು ಟೇಪು ಹಚ್ಚಿದ್ದು. ಹುಬ್ಬು ಗಂಟಿಕ್ಕಿ ಅದನ್ನೇ ನೋಡುತ್ತಿದ್ದಳು. ನನ್ನ ನೆರಳು ಬಿದ್ದದ್ದಕ್ಕೆ ತಲೆ ಎತ್ತಿದಳು. ಎದ್ದು ನಿಲ್ಲಲೂ ಇಲ್ಲ, ಫೋನು ಮುಚ್ಚಿಡಲೂ ಇಲ್ಲ.

“ಶುರು ಮಾಡ್ಲಾ ಅಂತ ಕೇಳಿದ್ಯಲ್ಲ,” ಎಂದೆ. “ಮಾಡು. ಯಾಕ್ ಕೂತಿದೀಯ?”

“ಧನು...”

“ನಾಚ್ಕೆ ಆಗಲ್ವಾ ನಿಂಗೆ? ಇನ್ನೊಬ್ರ ಹೆಸ್ರಲ್ಲಿ ಮೂರು ವರ್ಷ! ನಾನೇನು ಆಡೋ ಗೊಂಬೆನಾ?”

“ನಾಚ್ಕೆ ಆಯ್ತಿತ್ತು,” ಎಂದಳು ಮೆಲ್ಲಗೆ. “ಪ್ರತಿ ಭಾನುವಾರ ಆಯ್ತಿತ್ತು. ಈವತ್ತು ಹೇಳ್ಬುಡಣ ಅನ್ಕೊಳ್ಳೋದು, ಅಷ್ಟೊತ್ಗೆ ಮ್ಯಾಚ್ ಶುರು ಆಗೋದು.”

ಅವಳು ಹೇಳಿದ್ದು ಇಷ್ಟು. ಅಣ್ಣ ಹೊಸ ಫೋನು ತೆಗೆದುಕೊಂಡು ಹಳೆಯದನ್ನು ಇವಳಿಗೆ ಕೊಟ್ಟ. ಭಾನುವಾರ ಮೂರು ಗಂಟೆಯಾದರೆ ಅದು ಕುಂಯ್ ಎನ್ನುತ್ತಿತ್ತು, ನಿಮ್ಮ ಜೊತೆ ಮ್ಯಾನೇಜರ್ ಕಾಯುತ್ತಿದ್ದಾರೆ ಎಂದು ತೋರಿಸುತ್ತಿತ್ತು. ಅಣ್ಣನಿಗೆ ಹೇಳಿದಳು. ಡಿಲೀಟ್ ಮಾಡು ಎಂದ. “ಐದು ವಾರ ನೋಡ್ದೆ. ನೀವು ಬಂದು ಕಾಯೋದು, ಹೋಗೋದು. ಆರನೇ ವಾರ ನನ್ ಕೈಲಿ ತಡ್ಕಳ್ಳಕಾಗ್ನಿಲ್ಲ. ಹೆಂಗಿದೀಯ ಅಂತ ಒತ್ಬುಟ್ಟೆ. ಅದೊಂದೇ ಸಲ ಅನ್ಕೊಂಡಿದ್ದೆ.”

“ಆಟ ಹೆಂಗ್ ಬಂತು ನಿಂಗೆ?”

“ನೀವೇ ಕಲ್ಸಿದ್ದಲ್ವಾ? ದಡ್ಡ, ಅಷ್ಟೂ ಮರ್ತೋಯ್ತಾ ಅಂತ ಬೈದು ಬೈದು.”

ಆಗ ನನಗೆ ಇನ್ನೊಂದು ಹೊಳೆದು ಕಿವಿ ಬಿಸಿಯಾಯಿತು. ಅಣ್ಣ ಎಂದುಕೊಂಡು ಆ ಡಬ್ಬಿಯಲ್ಲಿ ನಾನು ನಯನಾಳ ಬಗ್ಗೆ ಏನೇನು ಬರೆದಿರಲಿಲ್ಲ!

“ನಿನ್ ಬಗ್ಗೆ ನಾನು...”

“ಎಲ್ಲಾ ಓದಿವ್ನಿ. ಯುಗಾದಿ ವಾರ ಹಲ್ಲಿಮೋರೆಯವಳು ಅಂದಿದ್ರಿ.”

“ಅದ್ಕೆ ನೀನು ಹ್ಞೂಂ ಅಂದಿದ್ದೆ!”

“ಇನ್ನೇನ್ ಅನ್ಲಿ? ನಿಮ್ಮಣ್ಣ ಆಗಿದ್ರೂ ಹ್ಞೂಂ ಅಂತಿದ್ರು.”

ನಗು ಬಂದುಬಿಡುತ್ತದೆಂಬ ಭಯಕ್ಕೆ ಇನ್ನಷ್ಟು ಸಿಟ್ಟು ಮಾಡಿಕೊಂಡೆ. “ಅಪ್ಪನ ಕಾರ್ಯದ ದಿವ್ಸ, ಇನ್ನೇನ್ ಪಾಲು ಅವ್ಳಿಗೆ ಅಂತ ಅಣ್ಣ ಅಂದ್ನಲ್ಲ, ಅದು ನೀನ್ ಹೇಳ್ಕೊಟ್ಟಿದ್ದು ತಾನೆ?”

ನಯನಾ ನನ್ನ ಮುಖವನ್ನೇ ನೋಡಿದಳು. “ಈ ಮನೇಲಿ ನನ್ ಮಾತು ಯಾರ್ ಕೇಳ್ತಾರೆ ಧನು? ತೋಂಬಾನ ತೆಗೀಬ್ಯಾಡ ಅಂದಾಗ ನೀವು ಕೇಳಿದ್ರಿ. ಅಷ್ಟೇ.”

ಕಟ್ಟೆಯ ಮೇಲೆ ಕೂತೆ. ಮಾಡುವುದಕ್ಕೆ ಬೇರೇನೂ ತೋಚದೆ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದೆ. ಟ್ಯಾಕ್ಟಿಕ್ ಮಾಸ್ಟರ್ ತೆರೆದುಕೊಳ್ಳಲು ಆರು ನಿಮಿಷ ಹಿಡಿಯಿತು. ಹುಲ್ಲು ಒಂದೊಂದು ಎಸಳೂ ಕಾಣುತ್ತಿತ್ತು. ನಯನಾ ಹತ್ತಿರ ಬಂದು ಬಾಗಿ ನೋಡಿದಳು, ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಂದು ಕೀಲಿ ಒತ್ತಿದಳು.

“ಇದು ಭಾಳ ಚಂದಾಗೈತೆ,” ಎಂದಳು.

“ಇಟ್ಕೊ. ನಿಂಗೇ ಅಂತ ತಂದಿದ್ದು ಅಂದ್ಕೊ.”

“ಎಲ್ಲಿಟ್ಕಳ್ಳಿ? ಇದ್ನ ತಗದ್ರೆ ಏನದು, ಯಾರ್ ಕೊಟ್ರು, ಎಷ್ಟೊತ್ತು ಆಡ್ತೀಯ ಅಂತಾರೆ. ಫೋನಾದ್ರೆ ಕೊಟ್ಟಿಗೇಲಿ ಹಿಂಡಿ ಮೂಟೆ ಪಕ್ಕ ಇಟ್ರೂ ಆಯ್ತದೆ.”

“ಅದ್ಕೇ ಬ್ಯಾಡ ಬ್ಯಾಡ ಅಂತಿದ್ದಿದ್ದಾ?”

“ಹ್ಞೂಂ. ಗೋಲ್ ರಾಜಂಗೂ ಅದ್ಕೇ ಬ್ಯಾಡ ಅಂದೆ. ನಂಬರ್ ಕೇಳ್ತದೆ. ನನ್ ನಂಬರ್ ಕಂಡ್ರೆ ನಿಮ್ಗೆ ಗೊತ್ತಾಗೋದು. ಗೊತ್ತಾದ್ರೆ ನೀವು ಬರಾಕಿಲ್ಲ.”

ಅಷ್ಟರಲ್ಲಿ ಬೈಕ್ ಸದ್ದು. ನಯನಾ ಎದ್ದು ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ಹೋದಳು. ಅಣ್ಣ ಬಂದು, ತೊಡೆ ತಟ್ಟಿಕೊಂಡು ಕೂತು, ತೆಂಗಿನ ನುಸಿ ರೋಗದ ಬಗ್ಗೆ ಹೇಳಿದ, ಟ್ರ್ಯಾಕ್ಟರ್ ಗೇರ್‌ಬಾಕ್ಸ್ ಬಗ್ಗೆ ಹೇಳಿದ. “ದೊಡ್ಡಪ್ಪ ಸೀರೆ ತಂದವ್ರೆ, ಹಸ್ರು ಬಣ್ಣ. ಹನ್ನೊಂದಕ್ಕೆಲ್ಲ ಬಂದ್ಬುಡು. ತಡ ಮಾಡಿದ್ರೆ ಟೋಕನ್ ಸಿಗಾಕಿಲ್ಲ.” ನನ್ನ ತೊಡೆಯ ಮೇಲಿದ್ದ ಲ್ಯಾಪ್‌ಟಾಪನ್ನು ಅವನು ನೋಡಿದ, ಏನೆಂದು ಕೇಳಲಿಲ್ಲ. ನನ್ನನ್ನೂ ನೋಡಿದ, ಹೇಗಿದ್ದೀಯ ಎಂದು ಕೇಳಲಿಲ್ಲ. ಕೇಳುತ್ತಾನೇನೋ ಎಂದು ಕಾದೆ, ನಿಜವಾಗಿಯೂ ಕಾದೆ. ಕೊಟ್ಟಿಗೆಯಿಂದ ಬಕೆಟ್ಟಿಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು. ಐದು ಗಂಟೆಯಾಗಿತ್ತು.

“ನಾಳೆ ನೋಡಣ,” ಎಂದು ಎದ್ದೆ.

ಹೊರಡುವಾಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತೆ. ನಯನಾ ಹಸುವಿನ ಹೊಟ್ಟೆಗೆ ಹಣೆ ಒತ್ತಿ ಕೂತಿದ್ದಳು. “ನಂಬರ್ ಹೇಳು,” ಎಂದೆ. ಕೈ ನಿಲ್ಲಿಸದೆ ಹತ್ತು ಅಂಕಿ ಹೇಳಿದಳು.

ಮಾಗಡಿಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಲ್ಯಾಪ್‌ಟಾಪ್ ಮತ್ತೆ ತೊಡೆಯ ಮೇಲೆ. ಅದರೊಳಗೆ ಒಂದೊಂದು ಎಸಳೂ ಕಾಣುವ ಹುಲ್ಲು, ಮನೆ ನೆನಪಾಗುವ ಆಟಗಾರರು, ನನ್ನ ಮೂರು ದಿನದ ಕರೆಂಟು. ಫೋನಿನಲ್ಲಿ ಆ ದರಿದ್ರ ಗೋಲ್ ರಾಜವನ್ನು ಮತ್ತೆ ಇಳಿಸಿಕೊಂಡೆ. ಎರಡು ನಿಮಿಷ ಸಾಕಾಯಿತು ಅದಕ್ಕೆ. ಹುಲಿ ಬಂದು ಕುಣಿಯಿತು. ನಿನ್ನ ತಲೆ ಎಂದು ಬೈದು ಪಕ್ಕಕ್ಕೆ ತಳ್ಳಿದೆ. ಬಾಣಲೆಯ ಜಾಹೀರಾತು, ಆಮೇಲೆ ಇನ್ನೊಂದು ಬಾಣಲೆಯ ಜಾಹೀರಾತು. ಕ್ಲಬ್ಬಿನ ಹೆಸರು ಕೇಳಿತು, ಸೋಲೂರು ಸ್ಟಾರ್ಸ್ ಎಂದೆ. ಜೊತೆ ಮ್ಯಾನೇಜರ್ ಯಾರು ಎಂದು ಕೇಳಿತು. ಆ ಹತ್ತು ಅಂಕಿ ಹಾಕಿದೆ.

ಮಾಗಡಿಯಲ್ಲಿ ಇಳಿದು ರಾಮನಗರದ ಬಸ್ಸಿಗೆ ನಿಂತಾಗ ಹಸಿರು ಚುಕ್ಕೆ ಮೂಡಿತು, ನಯನಾ ಡೈರಿಗೆ ಹಾಲು ಹಾಕಿ ಬಂದಿರಬೇಕು. ಪಕ್ಕದಲ್ಲಿ ‘ನಯನಾ’ ಎಂದು ಅವಳದೇ ಹೆಸರು.

‘ಈ ಹುಲಿನ ಹೆಂಗೆ ಓಡ್ಸೋದು?’ ಎಂದು ಕೇಳಿದ್ದಳು.

‘ಓಡ್ಸಕ್ಕಾಗಲ್ಲ. ಸಹಿಸ್ಕೋಬೇಕು,’ ಎಂದು ಕುಟ್ಟಿದೆ. ಆಮೇಲೆ, ಹಿಂದೆ ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದೆ. ‘ನಾಳೆ ಸಹಿ ಹಾಕ್ಲಾ?’

ಸಬ್‌ರಿಜಿಸ್ಟ್ರಾರ್ ಆಫೀಸು ಇಲ್ಲೇ ಎಲ್ಲೋ ಹತ್ತಿರದಲ್ಲಿದೆ. ನಾನು ಸಹಿ ಹಾಕಿದರೆ ಅವಳ ಮನೆಗೇ ಲಾಭ. ಹಾಕದಿದ್ದರೆ ಅಣ್ಣನ ಕೂಗಾಟ ಕೇಳಬೇಕಾದವಳೂ ಅವಳೇ. ಕೇಳಬಾರದಿತ್ತೇನೋ ಎಂದುಕೊಳ್ಳುವಷ್ಟರಲ್ಲಿ ಉತ್ತರ ಬಂತು.

‘ಬ್ಯಾಡಿ. ನಾನು ನಮ್ಮಪ್ಪನ ಮನೇಲಿ ಹಾಕ್ಬುಟ್ಟೆ, ಏಳು ವರ್ಷ ಆಯ್ತು. ಸೀರೆ ಕೊಟ್ರು. ಆಮೇಲೆ ಯಾರೂ ಒಂದು ಫೋನ್ ಮಾಡ್ನಿಲ್ಲ.’

ಅದನ್ನು ಎಷ್ಟು ಸಲ ಓದಿದೆನೋ, ರಾಮನಗರದ ಬಸ್ಸು ಬಂದು ನಿಂತದ್ದೇ ಕಾಣಲಿಲ್ಲ. ಕಂಡಕ್ಟರ್ ಬೈದ ಮೇಲೆ ಹತ್ತಿದೆ. ಕೂತು ಮೊದಲು ಫ್ಯಾಕ್ಟರಿಯ ಸೂಪರ್‌ವೈಸರ್‌ಗೆ ಫೋನ್ ಮಾಡಿ, ನಾಳೆ ರಜೆ ಬೇಡ, ಶಿಫ್ಟ್‌ಗೆ ಬರುತ್ತೇನೆ ಎಂದೆ. ಆಮೇಲೆ ಗೋಲ್ ರಾಜ ತೆರೆದೆ. ಹುಲಿ ಕುಣಿದು ಮುಗಿಸುವ ತನಕ ಹಲ್ಲು ಕಚ್ಚಿ ಕಾದು, ನಯನಾಗೆ ಬರೆದೆ.

‘ಲೆಫ್ಟ್ ಬ್ಯಾಕ್ ಯಾರು ಅತ್ತಿಗೆ?’